ಪ್ಯಾಕೆಟ್ ಮೇಲೆ ಬರೆದ ಪ್ರೋಟೀನ್ ಗ್ರಾಂ ಪೂರ್ತಿ ಮೈಗೆ ಹತ್ತುತ್ತಾ? ಗುಣಮಟ್ಟ ಅಳೆಯೋದು ಹೇಗೆ?

ಸುಮಾ_ತಿಪಟೂರು

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡ್ತೀನಿ. ಮನೆಯಲ್ಲಿರೋ ಆಹಾರದ ಪ್ಯಾಕೆಟ್ ತಗೊಂಡು ಬನ್ನಿ ಅಂತ ಹತ್ತನೇ ಕ್ಲಾಸಿನ ಮಕ್ಕಳಿಗೆ ಹೇಳಿದ್ದೆ. ರಾಗಿ ಮಾಲ್ಟು, ಸೋಯಾ ಚಂಕ್ಸ್, ಹಾಲಿನ ಪುಡಿ, ಬಿಸ್ಕತ್ತು ಎಲ್ಲ ಬಂತು. ಸೋಯಾ ಚಂಕ್ಸ್ ಮೇಲೆ 100 ಗ್ರಾಂಗೆ 52 ಗ್ರಾಂ ಪ್ರೋಟೀನ್ ಅಂತಿತ್ತು. ಮೊಟ್ಟೆಯಲ್ಲಿ ಸುಮಾರು 13. ಒಬ್ಬಳು ಎದ್ದು ನಿಂತು "ಹಾಗಾದ್ರೆ ಮೊಟ್ಟೆಗಿಂತ ಸೋಯಾ ನಾಲ್ಕು ಪಟ್ಟು ಒಳ್ಳೇದಾ ಮಿಸ್?" ಅಂದಳು. ಒಣಗಿದ್ದನ್ನೂ ನೀರಿರೋದನ್ನೂ ಹಾಗೆ ಹೋಲಿಸಬಾರದು ಅಂತ ಹೇಳಿದೆ. ಆದ್ರೆ ಅವಳು ಕೇಳಿದ್ದರ ತಿರುಳು ಬೇರೆ: ಒಂದು ಗ್ರಾಂ ಪ್ರೋಟೀನ್ ಎಲ್ಲಿಂದ ಬಂದ್ರೂ ಒಂದೇನಾ?

ಹುಡುಕಿದಾಗ ಪಿಡಿಕಾಸ್, ಡಿಯಾಸ್ ಅಂತ ಎರಡು ಅಳತೆ ಸಿಕ್ತು. ಸೋಯಾ ಐಸೊಲೇಟ್‌ಗೆ (ಸೋಯಾದಿಂದ ಬೇರ್ಪಡಿಸಿದ ಪ್ರೋಟೀನ್ ಪುಡಿ) ಒಂದರಲ್ಲಿ 0.98, ಇನ್ನೊಂದರಲ್ಲಿ 0.90. ಹುರಿದ ಕಡಲೆಕಾಯಿಗೆ 0.51 ಮತ್ತು 0.43. ಪದಾರ್ಥ ಒಂದೇ, ಅಂಕ ಯಾಕೆ ಬೇರೆ? ಯಾರ ಹೊಟ್ಟೆಯಲ್ಲಿ ಅಳೆದಿದ್ದು ಇದು? ಗೊತ್ತಿರೋರು ಬಿಡಿಸಿ ಹೇಳಿದ್ರೆ ಮಕ್ಕಳಿಗೆ ಸರಿಯಾಗಿ ಹೇಳಬಹುದು.

ಹಳೇ_ಲ್ಯಾಬು_ಮೈಸೂರು

ಸುಮಾ ಮೇಡಂ, ಮೊದಲು ಆ "ಗ್ರಾಂ" ಎಲ್ಲಿಂದ ಬರುತ್ತೆ ಅಂತ ನೋಡೋಣ. ಆಹಾರ ಪರೀಕ್ಷೆ ಲ್ಯಾಬಿನಲ್ಲಿ ಇದ್ದು ನಿವೃತ್ತನಾದವನು ನಾನು. ಪ್ಯಾಕೆಟ್ ಮೇಲಿನ ಸಂಖ್ಯೆಗಾಗಿ ಪ್ರೋಟೀನನ್ನೇ ಹಿಡಿದು ಯಾರೂ ತೂಗಲ್ಲ, ಸಾರಜನಕ ಅಳೀತಾರೆ ಅಷ್ಟೆ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಲ್ಯಾಬಿನಲ್ಲಿ ಯೋಹಾನ್ ಕೆಲ್ಡಾಲ್ ಅನ್ನೋರು 1883ರಲ್ಲಿ ಹಾಕಿಕೊಟ್ಟ ದಾರಿ, ಇವತ್ತಿಗೂ ನಡೀತಿದೆ.

ಹಿಟ್ಟನ್ನು ಉದ್ದ ಕುತ್ತಿಗೆಯ ಫ್ಲಾಸ್ಕಿಗೆ ಹಾಕಿ, ಗಂಧಕಾಮ್ಲ ಸುರಿದು, ಒಂಚೂರು ತಾಮ್ರದ ಸಲ್ಫೇಟು ಸೇರಿಸಿ ಕಾಯಿಸ್ತೀವಿ. ಮೊದಲು ನೊರೆ ಉಕ್ಕುತ್ತೆ, ಆಮೇಲೆ ಎಲ್ಲ ಡಾಂಬರಿನಂತೆ ಕಪ್ಪಾಗುತ್ತೆ. ಬಿಡದೆ ಕುದಿಸ್ತಾ ಹೋದ್ರೆ ಆ ಕಪ್ಪು ಕರಗಿ ತಿಳಿಯಾದ ಹಸಿರು ನೀರು ಉಳಿಯುತ್ತೆ. ಆಗ ಹಿಟ್ಟಿನ ಸಾರಜನಕವೆಲ್ಲ ಅಮೋನಿಯಂ ಆಗಿರುತ್ತೆ. ಕ್ಷಾರ ಸೇರಿಸಿ ಬಟ್ಟಿ ಇಳಿಸಿ, ಬರೋ ಅಮೋನಿಯಾವನ್ನು ಬೋರಿಕ್ ಆಮ್ಲದಲ್ಲಿ ಹಿಡಿದು, ಟೈಟ್ರೇಟ್ ಮಾಡಿ ಎಷ್ಟಿದೆ ಅಂತ ಅಳೀತೀವಿ. ಬಂದ ಸಾರಜನಕವನ್ನು 6.25ರಿಂದ ಗುಣಿಸಿದ್ರೆ "ಪ್ರೋಟೀನ್". ಪ್ರೋಟೀನಿನಲ್ಲಿ ಸರಾಸರಿ ನೂರಕ್ಕೆ 16 ಪಾಲು ಸಾರಜನಕ ಇರುತ್ತೆ ಅನ್ನೋ ಲೆಕ್ಕದಿಂದ ಬಂದದ್ದು ಆ 6.25.

ಆದ್ರೆ ಆ ಸರಾಸರಿ ಎಲ್ಲ ಆಹಾರಕ್ಕೂ ಹೊಂದಲ್ಲ. ಹಾಲಿಗೆ 6.38, ಗೋಧಿ ಹಿಟ್ಟಿಗೆ 5.7 ಹಿಡೀತಾರೆ. ಅಣಬೆಯ ಸಾರಜನಕದಲ್ಲಿ ದೊಡ್ಡ ಪಾಲು ಪ್ರೋಟೀನಿನದ್ದೇ ಅಲ್ಲ, ಅದಕ್ಕೆ 4.38. ಎಲ್ಲದಕ್ಕೂ 6.25 ಹಾಕಿದ್ರೆ ಗಿಡಮೂಲದ ಬಹಳಷ್ಟು ಆಹಾರಕ್ಕೆ ಇಲ್ಲದ ಪ್ರೋಟೀನು ಸೇರಿಕೊಳ್ಳುತ್ತೆ.

ಇದರಲ್ಲಿರೋ ದೊಡ್ಡ ಕಿಂಡಿ 2008ರಲ್ಲಿ ಚೀನಾದಲ್ಲಿ ಎಲ್ಲರ ಕಣ್ಣಿಗೆ ಬಿತ್ತು. ನೀರು ಬೆರೆಸಿದ ಹಾಲಿಗೆ ಮೆಲಮೈನ್ ಹಾಕಿದ್ರು. ಅದು ಪ್ಲಾಸ್ಟಿಕ್ ರಾಳಕ್ಕೆ ಬಳಸೋ ವಸ್ತು, ತೂಕದಲ್ಲಿ ಮೂರನೇ ಎರಡು ಪಾಲು ಸಾರಜನಕವೇ. ಪರೀಕ್ಷೆಯಲ್ಲಿ "ಪ್ರೋಟೀನ್" ಸರಿ ಇದೆ ಅಂತ ಬಂತು. ಸುಮಾರು ಮೂರು ಲಕ್ಷ ಕೂಸುಗಳು ಕಾಯಿಲೆ ಬಿದ್ದವು, ಆರು ಸತ್ತವು.

ಮಹೇಶ್_ದಾವಣಗೆರೆ

ಸರ್, ಹಾಗಾದ್ರೆ ವೇ ಪ್ರೋಟೀನ್ (ಹಾಲು ಒಡೆದ ನೀರಿನಿಂದ ತೆಗೆದ ಪುಡಿ) ಡಬ್ಬಿಯಲ್ಲೂ ಈ ಥರ ಮಾಡಬಹುದಾ? ನಮ್ಮ ಜಿಮ್‌ನಲ್ಲಿ "ಅಮೈನೋ ಸ್ಪೈಕಿಂಗ್" ಅಂತ ಮಾತಾಡ್ತಾರೆ.

ಹಳೇ_ಲ್ಯಾಬು_ಮೈಸೂರು

ಮಾಡಬಹುದು. ಗ್ಲೈಸಿನ್, ಟಾರಿನ್ ಥರದ ಅಗ್ಗದ ಪುಡಿಗಳಲ್ಲೂ ಸಾರಜನಕ ಇದೆ, ಲೆಕ್ಕದಲ್ಲಿ ಅದೂ ಪ್ರೋಟೀನ್ ಅಂತಲೇ ಬರುತ್ತೆ. ಯಾವ ಅಮೈನೋ ಆಮ್ಲ (ಪ್ರೋಟೀನ್ ಕಟ್ಟೋ ಇಟ್ಟಿಗೆಗಳು ಅನ್ನಿ) ಎಷ್ಟಿದೆ ಅಂತ ಒಂದೊಂದಾಗಿ ಅಳೆದ ವರದಿ ಕೊಡೋ ಕಂಪನಿಯದ್ದು ತಗೊಳ್ಳಿ. ಒಟ್ಟು ಗ್ರಾಂ ಒಂದನ್ನೇ ನಂಬಬೇಡಿ.

ಶೈಲಾ_ಡಯಟಿಷಿಯನ್_ಹುಬ್ಬಳ್ಳಿ

ಸುಮಾ ಅವರ, ಛಲೋ ಪ್ರಶ್ನೆ ತಗದೀರಿ. ಗ್ರಾಂ ಹೆಂಗ ಬರ್ತದ ಅಂತ ಸರ್ ಹೇಳಿದ್ರು, ಗುಣಮಟ್ಟದ್ದು ನಾ ಹೇಳತೇನಿ.

ನಮ್ಮ ದೇಹಕ್ಕ ಹೊರಗಿನಿಂದಲೇ ಬರಬೇಕಾದ ಅಮೈನೋ ಆಮ್ಲ ಒಂಬತ್ತು ಅದಾವ. ಒಂಬತ್ತೂ ಒಟ್ಟಿಗೇ ಬೇಕು, ಒಂದು ಕಡಿಮಿ ಬಿದ್ರ ಉಳಿದ ಎಂಟು ಎಷ್ಟಿದ್ರೂ ಪ್ರಯೋಜನಿಲ್ಲ. ಮದುವಿ ಮನ್ಯಾಗ ಬಾಳಿ ಎಲಿ ನೂರು ಇದ್ದು ತಂಬಿಗಿ ಅರವತ್ತೇ ಇದ್ರ ಪಂಕ್ತಿಗೆ ಅರವತ್ತು ಮಂದಿ ಕೂಡ್ತಾರ, ಹಂಗ. ಯಾವುದು ಎಲ್ಲಾಕ್ಕಿಂತ ಕಡಿಮಿ ಬೀಳ್ತದೋ ಅದರ ಮ್ಯಾಲೇ ಅಂಕ. ಅಕ್ಕಿ, ಜೋಳ, ಗೋಧಿ, ರಾಗಿ ಎಲ್ಲಾದ್ರಾಗೂ ಕಡಿಮಿ ಬೀಳೂದು ಲೈಸಿನ್. ಬ್ಯಾಳಿ ಕಾಳಿನ್ಯಾಗ ಲೈಸಿನ್ ಭರ್ತಿ ಇರ್ತದ, ಅಲ್ಲಿ ಕಡಿಮಿ ಬೀಳೂದು ಗಂಧಕ ಇರೋ ಮೆಥಿಯೊನಿನ್, ಸಿಸ್ಟೀನ್. ಅದಕ್ಕ ರೊಟ್ಟಿ ಜೋಡಿ ಹೆಸರುಕಾಳು ಪಲ್ಲೆ, ಅನ್ನದ ಜೋಡಿ ಬ್ಯಾಳಿ.

ಪಿಡಿಕಾಸ್ ಅಂದ್ರ ಇಷ್ಟ: ಒಂದು ಗ್ರಾಂ ಪ್ರೋಟೀನ್‌ನ್ಯಾಗ ಆ ಕಡಿಮಿ ಬಿದ್ದ ಅಮೈನೋ ಆಮ್ಲ ಎಷ್ಟು ಮಿಲಿಗ್ರಾಂ ಐತಿ, ಎಷ್ಟು ಇರಬೇಕಿತ್ತು, ಭಾಗಿಸ್ರಿ. ಅದನ್ನ ಎಷ್ಟು ಪಾಲು ಜೀರ್ಣ ಆಗ್ತದ ಅನ್ನೂದರಿಂದ ಗುಣಿಸ್ರಿ. 1989ರಾಗ ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಮತ್ತ ಆರೋಗ್ಯ ಸಂಸ್ಥೆಯ ತಜ್ಞರು ಕೂಡಿ ಮಾಡಿದ್ದು, 1991ರಾಗ ಪ್ರಕಟ ಆತು. ಅಮೆರಿಕಾದಾಗ 1993ರಿಂದ ಲೇಬಲ್‌ಗೆ ಇದನ್ನ ಹಿಡದಾರ.

ಮಹೇಶ್, ನಿಮ್ಮ ಜಿಮ್‌ನ್ಯಾಗ ಕಾಲಜನ್ ಪುಡಿ ತಗೊಳ್ಳೋರು ಇದ್ರ ಅವರಿಗೆ ಹೇಳ್ರಿ: ಕಾಲಜನ್‌ನ್ಯಾಗ ಆ ಒಂಬತ್ತರಾಗಿನ ಟ್ರಿಪ್ಟೊಫ್ಯಾನ್ ಇಲ್ಲ. ಹಂಗಾಗಿ ಅದರ ಪಿಡಿಕಾಸ್ ಸೊನ್ನಿ. ಡಬ್ಬಿ ಮ್ಯಾಲೆ 90 ಗ್ರಾಂ ಅಂತ ಬರದಿದ್ರೂ ಸೊನ್ನಿನೇ.

ಪಶುವೈದ್ಯ_ಹಾಸನ

ಶೈಲಾ ಮೇಡಂ ಚೆನ್ನಾಗಿ ಹೇಳಿದ್ದಾರೆ. "ಜೀರ್ಣ ಆಗ್ತದ" ಅನ್ನೋ ಆ ಒಂದು ಪದದಲ್ಲೇ ಇಡೀ ಜಗಳ ಇದೆ. ಪಶು ಆಹಾರದ ಕಡೆಯವನಾಗಿ ನಾನು ಇದನ್ನು ಹತ್ತಿರದಿಂದ ನೋಡಿದ್ದೀನಿ.

ಪಿಡಿಕಾಸ್‌ನಲ್ಲಿ ಜೀರ್ಣಾಂಶ ಅಳೆದಿದ್ದು ಇಲಿಗಳಲ್ಲಿ, ಅದೂ ಸಗಣಿ ಲೆಕ್ಕದಲ್ಲಿ. ತಿಂದ ಸಾರಜನಕ ಇಷ್ಟು, ಹಿಂದಿನಿಂದ ಬಂದದ್ದು ಇಷ್ಟು, ಮಧ್ಯದ್ದು ಮೈಗೆ ಸೇರಿತು ಅಂತ. ಆದ್ರೆ ಅಮೈನೋ ಆಮ್ಲಗಳು ರಕ್ತಕ್ಕೆ ಸೇರೋದು ಸಣ್ಣಕರುಳಿನಲ್ಲಿ. ಅಲ್ಲಿ ತಪ್ಪಿಸಿಕೊಂಡು ದೊಡ್ಡಕರುಳಿಗೆ ಹೋದ ಪ್ರೋಟೀನನ್ನು ಬ್ಯಾಕ್ಟೀರಿಯಾ ತಿಂದು ಅಮೋನಿಯಾ ಮಾಡುತ್ತೆ. ಆ ಅಮೋನಿಯಾ ರಕ್ತಕ್ಕೆ ಸೇರಿ ಮೂತ್ರದಲ್ಲಿ ಹೋಗುತ್ತೆ. ಸಗಣಿಯಲ್ಲಿ ಅದು ಕಾಣಲ್ಲ, ಹಾಗಾಗಿ ಲೆಕ್ಕದಲ್ಲಿ "ಜೀರ್ಣ ಆಯ್ತು" ಅಂತ ಬರುತ್ತೆ. ದೇಹಕ್ಕೆ ಒಂದು ಕಣ ಲೈಸಿನ್ನೂ ಸಿಕ್ಕಿರಲ್ಲ.

ಹಂದಿ, ಕೋಳಿ ಆಹಾರ ಮಾಡೋರು ಇದನ್ನು ಬಹಳ ಹಿಂದೆಯೇ ಬಿಟ್ಟರು. ಹಂದಿಯ ಸಣ್ಣಕರುಳಿನ ತುದಿಯಲ್ಲಿ ಒಂದು ಸಣ್ಣ ಕೊಳವೆ ಕೂರಿಸಿ, ಅಲ್ಲಿಗೆ ಬರೋ ದ್ರವವನ್ನೇ ಹಿಡಿದು, ಒಂದೊಂದು ಅಮೈನೋ ಆಮ್ಲವನ್ನೂ ಬೇರೆ ಬೇರೆ ಅಳೀತಾರೆ. ಜಾನುವಾರು ಮೇವಿಗೆ ಇಷ್ಟು ಎಚ್ಚರಿಕೆ ವಹಿಸ್ತಿದ್ದಾಗ ಮನುಷ್ಯರ ಊಟಕ್ಕೆ ಮಾತ್ರ ಹಳೇ ಲೆಕ್ಕ ನಡೀತಿತ್ತು. ನನಗೆ ಇದು ಯಾವತ್ತೂ ಸರಿ ಕಂಡಿಲ್ಲ.

2011ರಲ್ಲಿ ಆಕ್ಲೆಂಡ್‌ನಲ್ಲಿ ತಜ್ಞರು ಸೇರಿ, 2013ರಲ್ಲಿ ವರದಿ ಹೊರಬಂದು, ಡಿಯಾಸ್ ಅನ್ನೋ ಹೊಸ ಅಳತೆ ಬಂತು. ಅದರಲ್ಲಿ ಸಣ್ಣಕರುಳಿನ ತುದಿಯ ಲೆಕ್ಕ, ಅದೂ ಪ್ರತಿ ಅಮೈನೋ ಆಮ್ಲಕ್ಕೆ ಪ್ರತ್ಯೇಕ. ಆದಷ್ಟು ಮನುಷ್ಯರಲ್ಲಿ, ಆಗದಿದ್ರೆ ಹಂದಿಯಲ್ಲಿ, ಅದೂ ಆಗದಿದ್ರೆ ಇಲಿಯಲ್ಲಿ ಅಂತ ಕ್ರಮ ಹಾಕಿದ್ರು. ಸುಮಾ ಅವರೇ, ನೀವು ನೋಡಿದ ಕಡಲೆಕಾಯಿ 0.51 ಮತ್ತು 0.43ಕ್ಕೆ ಮುಖ್ಯ ಕಾರಣ ಇದೇ. ಬೆಂದ ಅನ್ನಕ್ಕೂ 0.62 ಇದ್ದದ್ದು 0.59 ಆಯ್ತು. ಹೋಲಿಕೆಗೆ ಬಳಸೋ ಅಮೈನೋ ಆಮ್ಲದ ಪಟ್ಟಿಯೂ ಒಂದಿಷ್ಟು ಬದಲಾಗಿದೆ.

ಮಹೇಶ್_ದಾವಣಗೆರೆ

> ಡಿಯಾಸ್ ಅನ್ನೋ ಹೊಸ ಅಳತೆ ಬಂತು

ಇದರಲ್ಲಿ ವೇ ಪ್ರೋಟೀನ್‌ಗೆ 1.09 ಅಂತ ನೋಡಿದೆ. ನೂರಕ್ಕೆ ನೂರಕ್ಕಿಂತ ಜಾಸ್ತಿ ಹೇಗೆ ಬರುತ್ತೆ?

ಶೈಲಾ_ಡಯಟಿಷಿಯನ್_ಹುಬ್ಬಳ್ಳಿ

ಬೇಕಾದ್ದಕ್ಕಿಂತ ಜಾಸ್ತಿ ಐತಿ ಅಂತ ಅರ್ಥ. ಪಿಡಿಕಾಸ್‌ನ್ಯಾಗ 1.00 ದಾಟಿದ್ದನ್ನ ಕತ್ತರಿಸಿ ಒಗೀತಿದ್ರು. ಹಾಲು 1.00, ಸೋಯಾ ಐಸೊಲೇಟ್ 0.98, ಎರಡೂ ಒಂದೇ ಅನ್ನಿಸ್ತಿತ್ತು. ಡಿಯಾಸ್‌ನ್ಯಾಗ ಹಾಲಿನ ಪ್ರೋಟೀನ್ 1.18, ಸೋಯಾ 0.90. ಆ ಹೆಚ್ಚಿನ 0.18 ಬರೇ ಅಂಕಿ ಅಲ್ಲರಿ. ಹಾಲಿನ್ಯಾಗ ಮಿಕ್ಕಿರೋ ಲೈಸಿನ್ ರೊಟ್ಟಿಯ ಕೊರತಿ ತುಂಬ್ತದ. ಬರೇ ಅನ್ನ ಬ್ಯಾಳಿ ಉಣ್ಣೋ ಮನ್ಯಾಗ ಒಂದು ವಾಟಿ ಮೊಸರು ಯಾಕ ಅಷ್ಟು ಬದಲಾವಣಿ ಮಾಡ್ತದ ಅನ್ನೂದು ಹಳೇ ಅಳತಿಯೊಳಗ ಕಾಣ್ತಿರಲಿಲ್ಲ.

ರಂಗಣ್ಣ_ಕೋಲಾರ

ಎಲ್ಲ ಓದಿದೆ. ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ತಂದೆ ಮುದ್ದೆ, ಹುರುಳಿಕಾಳು ಬಸ್ಸಾರು, ಒಂದಿಷ್ಟು ಮಜ್ಜಿಗೆಯಲ್ಲೇ ಎಂಬತ್ತು ದಾಟಿದವರು. ಕೊನೇವರೆಗೂ ಹೊಲದಲ್ಲಿ ದುಡಿದ್ರು. ಈಗ ಟಿವಿ ಹಾಕಿದ್ರೆ ಸಾಕು, ಪ್ರೋಟೀನ್ ಕೊರತೆ, ಪ್ರೋಟೀನ್ ಕೊರತೆ ಅಂತ ಹೆದರಿಸಿ ಪುಡಿ ಮಾರ್ತಾರೆ. ಕೂಲಿ ಮಾಡೋರ ಮನೆಯಲ್ಲಿ ಎರಡು ಹೊತ್ತಿನ ಊಟಕ್ಕೇ ಕಷ್ಟ ಇರುವಾಗ ಈ 0.43, 0.59 ಯಾರಿಗೆ ಬೇಕು? ಈ ಲೆಕ್ಕಗಳು ಕೊನೆಗೆ ಕಂಪನಿಗಳಿಗೇ ಲಾಭ ಅಲ್ವಾ?

ಹಳೇ_ಲ್ಯಾಬು_ಮೈಸೂರು

ರಂಗಣ್ಣನವರೇ, ನಿಮ್ಮ ಮಾತಲ್ಲಿ ತೂಕ ಇದೆ, ಅದಕ್ಕೆ ಚರಿತ್ರೆಯೂ ಇದೆ.

1919ರಲ್ಲಿ ಆಸ್ಬರ್ನ್, ಮೆಂಡೆಲ್, ಫೆರಿ ಅನ್ನೋ ಅಮೆರಿಕನ್ನರು ಪಿಇಆರ್ ಅನ್ನೋ ಅಳತೆ ತಂದ್ರು. ಹಾಲು ಬಿಟ್ಟ ಎಳೇ ಇಲಿಗಳಿಗೆ ಪರೀಕ್ಷೆಯ ಪ್ರೋಟೀನ್ ಕೊಟ್ಟು, ಒಂದು ಗ್ರಾಂ ತಿಂದ್ರೆ ಎಷ್ಟು ಗ್ರಾಂ ಮೈ ಬಂತು ಅಂತ ತೂಗೋದು. ಮುಂದೆ ಇದು ನಾಲ್ಕು ವಾರದ ಪರೀಕ್ಷೆ ಅಂತ ನೆಲೆಯಾಯ್ತು, ಹಾಲಿನ ಕೇಸಿನ್‌ಗೆ 2.5 ಅಂತ ಇಟ್ಟು ಉಳಿದದ್ದನ್ನು ಹೋಲಿಸೋರು. ಈ ಕೆಲಸದಲ್ಲಿ ಇಲಿ ತೂಗೋದು ಸುಲಭ. ಕಷ್ಟ ಇರೋದು ಪಂಜರದ ಕೆಳಗೆ ಚೆಲ್ಲಿದ ಹಿಟ್ಟನ್ನೆಲ್ಲ ದಿನಾ ಬಳಿದು, ಹಿಕ್ಕೆ ಬೇರೆ ಮಾಡಿ, ಒಣಗಿಸಿ ತೂಗೋದರಲ್ಲಿ. ಅದು ತಪ್ಪಿದ್ರೆ ಇಲಿ ತಿಂದದ್ದೆಷ್ಟು ಅನ್ನೋದೇ ತಪ್ಪಾಗುತ್ತೆ.

ಆ ಕಾಲದಲ್ಲಿ ನಮ್ಮ ಮೈಸೂರಿನಲ್ಲೇ ದೊಡ್ಡ ಕೆಲಸ ನಡೀತು. ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಶುರುವಾದ ಕೇಂದ್ರ ಆಹಾರ ಸಂಶೋಧನಾಲಯ ಸಿಎಫ್‌ಟಿಆರ್‌ಐನಲ್ಲಿ, ವಿ. ಸುಬ್ರಹ್ಮಣ್ಯನ್ ನಿರ್ದೇಶಕರಾಗಿದ್ದಾಗ, ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮುಕ್ಕಾಲು ಪಾಲು, ಕಡಲೆ ಹಿಟ್ಟು ಕಾಲು ಪಾಲು ಬೆರೆಸಿ, ಜೀವಸತ್ವ ಮತ್ತು ಸುಣ್ಣದ ಅಂಶ ಸೇರಿಸಿ "ಇಂಡಿಯನ್ ಮಲ್ಟಿಪರ್ಪಸ್ ಫುಡ್" ಮಾಡಿದ್ರು. ದುಬಾರಿ ಹಾಲಿನ ಪುಡಿಗೆ ಕಾಯದೆ ಬಡ ಮಕ್ಕಳಿಗೆ ಪ್ರೋಟೀನ್ ಸಿಗಲಿ ಅಂತ. ಇಲಿ ಪರೀಕ್ಷೆಗಳೇ ಅಲ್ಲಿ ದಾರಿ ತೋರಿಸಿದ್ದು.

1968ರಲ್ಲಿ ವಿಶ್ವಸಂಸ್ಥೆ "ಪ್ರೋಟೀನ್ ಬಿಕ್ಕಟ್ಟು" ಅಂತಲೇ ವರದಿ ತಂತು. ಆರೇ ವರ್ಷಕ್ಕೆ, 1974ರಲ್ಲಿ, ಡೊನಾಲ್ಡ್ ಮೆಕ್‌ಲಾರೆನ್ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದೆಲ್ಲ ದೊಡ್ಡ ಎಡವಟ್ಟು ಅಂತ ಬರೆದ್ರು. ನಮ್ಮವರಲ್ಲಿ ಸಿ. ಗೋಪಾಲನ್, ಪಿ. ವಿ. ಸುಖಾತ್ಮೆ ಕೂಡ ಹೇಳಿದ್ದು ಅದೇ: ಹೊಟ್ಟೆ ತುಂಬ ಊಟ ಸಿಗದ ಮಗುವಿಗೆ ಪ್ರೋಟೀನ್ ಕೊಟ್ರೆ ದೇಹ ಅದನ್ನೂ ಸೌದೆಯಂತೆ ಉರಿಸಿಬಿಡುತ್ತೆ. ಮೊದಲು ಕ್ಯಾಲೊರಿ ತುಂಬಬೇಕು. ಹೀಗಾಗಿ ಊಟಕ್ಕೇ ಕಷ್ಟ ಇರೋ ಮನೆಯ ವಿಷಯದಲ್ಲಿ ನೀವು ಹೇಳಿದ್ದು ಸರಿ.

ಆದ್ರೆ ಅಲ್ಲಿಗೇ ನಿಲ್ಲಿಸಬೇಡಿ. ಆಮೇಲೆ ಬೆಂಗಳೂರಿನಲ್ಲಿ ಒಂದು ಕೆಲಸ ನಡೀತು, ಅದು ಕಂಪನಿಗಳ ಪರ ಅಲ್ಲ, ನಮ್ಮಂಥ ಅನ್ನ ಮುದ್ದೆ ಉಣ್ಣೋರ ಪರ ಇತ್ತು. ಟೊರಾಂಟೊದ ವಿನಯ್ ಇಲ್ಲಿದ್ರೆ ಅವರೇ ಹೇಳಲಿ, ಉಸಿರಿನ ಪರೀಕ್ಷೆ ಬಗ್ಗೆ ಅವರಿಗೆ ಚೆನ್ನಾಗಿ ಗೊತ್ತು.

ವಿನಯ್_ಟೊರಾಂಟೊ

ಇಲ್ಲೇ ಇದ್ದೀನಿ ಸರ್, ನನ್ನ ಓದಿನ ವಿಷಯವೇ ಇದು. ಸ್ವಲ್ಪ ಉದ್ದ ಆಗುತ್ತೆ.

ಅಂಕ ಹಾಕೋಕೆ ಎರಡು ಸಂಖ್ಯೆ ಬೇಕು. ಆಹಾರದಲ್ಲಿ ಎಷ್ಟಿದೆ ಅನ್ನೋದು ಒಂದು, ದೇಹಕ್ಕೆ ಎಷ್ಟು ಬೇಕು ಅನ್ನೋದು ಇನ್ನೊಂದು. ಮೊದಲನೆಯದರ ಬಗ್ಗೆ ಎಲ್ಲರೂ ಮಾತಾಡ್ತಾರೆ, ಎರಡನೆಯದನ್ನು ಯಾರೂ ಕೇಳಲ್ಲ. 1985ರ ಅಂತರರಾಷ್ಟ್ರೀಯ ವರದಿಯಲ್ಲಿ ದೊಡ್ಡವರಿಗೆ ದಿನಕ್ಕೆ ಬೇಕಾದ ಲೈಸಿನ್ ಒಂದು ಕೆಜಿ ಮೈತೂಕಕ್ಕೆ 12 ಮಿಲಿಗ್ರಾಂ ಅಂತಿತ್ತು. ಆ ಲೆಕ್ಕದಲ್ಲಿ ಒಂದು ಗ್ರಾಂ ಪ್ರೋಟೀನಿನಲ್ಲಿ 16 ಮಿಲಿಗ್ರಾಂ ಲೈಸಿನ್ ಇದ್ರೆ ಸಾಕು. ಗೋಧಿಯಲ್ಲೇ 27ರ ಆಸುಪಾಸು ಇದೆ. ಅಂದ್ರೆ ಬರೀ ಚಪಾತಿ ತಿಂದ್ರೂ ದೊಡ್ಡವರಿಗೆ ಏನೂ ಕೊರತೆ ಇಲ್ಲ ಅಂತ ಕಾಗದದ ಮೇಲೆ ತೀರ್ಮಾನ ಆಗಿಹೋಗಿತ್ತು.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವರ್ನನ್ ಯಂಗ್ ಇದನ್ನು ಒಪ್ಪಲಿಲ್ಲ. ಅವರ ಜೊತೆ ಸೇರಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಅನುರಾ ಕುರ್ಪಾಡ್ ಮತ್ತು ಸಂಗಡಿಗರು ಭಾರತೀಯರ ಮೇಲೇ ಅಳೆದು ನೋಡಿದ್ರು. ಅದರ ಹಿಂದಿನ ಯೋಚನೆ ಸೊಗಸಾಗಿದೆ. ಲೈಸಿನ್ ಕಡಿಮೆ ಇದ್ರೆ ದೇಹಕ್ಕೆ ಹೊಸ ಪ್ರೋಟೀನ್ ಕಟ್ಟೋಕೆ ಆಗಲ್ಲ. ಆಗ ಉಳಿದ ಅಮೈನೋ ಆಮ್ಲಗಳೂ ಕೆಲಸಕ್ಕೆ ಬಾರದೆ ಉರಿದು ಹೋಗ್ತವೆ. ಅವುಗಳಲ್ಲಿ ಒಂದಕ್ಕೆ, ಉದಾಹರಣೆಗೆ ಲ್ಯೂಸಿನ್‌ಗೆ, ಭಾರದ ಇಂಗಾಲ ಅಂದ್ರೆ ಕಾರ್ಬನ್-13 ಗುರುತು ಹಾಕಿ ಕೊಟ್ರೆ, ಉರಿದದ್ದು ಉಸಿರಿನ ಇಂಗಾಲದ ಡೈಆಕ್ಸೈಡ್‌ನಲ್ಲಿ ಸಿಗುತ್ತೆ. ಇದು ವಿಕಿರಣ ಇಲ್ಲದ ಐಸೊಟೋಪು, ಅಪಾಯ ಇಲ್ಲ. ಊಟದ ಲೈಸಿನ್ ಹೆಚ್ಚಿಸ್ತಾ ಹೋದ ಹಾಗೆ ಉಸಿರಿನಲ್ಲಿ ಗುರುತು ಕಡಿಮೆ ಆಗ್ತಾ ಹೋಗಿ ಒಂದು ಹಂತದಲ್ಲಿ ನಿಲ್ಲುತ್ತೆ. ಆ ಹಂತವೇ ದೇಹಕ್ಕೆ ಬೇಕಾದ ಪ್ರಮಾಣ. ಇಪ್ಪತ್ನಾಲ್ಕು ಗಂಟೆ ಪೂರ್ತಿ ಅಳೀತಿದ್ರು, ಹಗಲು ಉಣ್ಣುವಾಗ, ರಾತ್ರಿ ಉಪವಾಸದಲ್ಲಿ ಎರಡೂ. ಟೊರಾಂಟೊದಲ್ಲಿ ಇದರದ್ದೇ ಚಿಕ್ಕ ರೂಪ ಬೆಳೀತು. ಫಿನೈಲ್‌ಅಲನಿನ್ ಗುರುತು, ಗಂಟೆಗೊಂದು ಸಣ್ಣ ಊಟ, ಕೆಲವೇ ಗಂಟೆಗಳಲ್ಲಿ ಮುಗಿಯುತ್ತೆ. ಸೂಜಿ ಚುಚ್ಚೋದು ಕಡಿಮೆ ಆದ್ದರಿಂದ ಮಕ್ಕಳಲ್ಲೂ ಗರ್ಭಿಣಿಯರಲ್ಲೂ ಮಾಡಬಹುದು.

ಬೆಂಗಳೂರಿನಲ್ಲಿ ಬಂದ ಉತ್ತರ ಸುಮಾರು 30 ಮಿಲಿಗ್ರಾಂ. ಹಳೆಯದಕ್ಕಿಂತ ಎರಡೂವರೆ ಪಟ್ಟು! 2007ರ ಅಂತರರಾಷ್ಟ್ರೀಯ ವರದಿ ಅದನ್ನೇ ಒಪ್ಪಿಕೊಂಡಿತು. ಗ್ರಾಂ ಪ್ರೋಟೀನಿಗೆ 16 ಅಂತಿದ್ದದ್ದು 45 ಆಯ್ತು. ಒಂದೇ ಏಟಿಗೆ ಗೋಧಿ, ಅಕ್ಕಿ, ರಾಗಿ ಎಲ್ಲ "ಸಾಕು" ಅನ್ನೋದರಿಂದ "ಸಾಲದು" ಅನ್ನೋ ಕಡೆಗೆ ಬಂದವು. ಬಹಳ ಕಾಲದಿಂದ ಅರೆಹೊಟ್ಟೆಯಲ್ಲಿದ್ದವರಲ್ಲಿ ಅಳೆದಾಗ ಇನ್ನೂ ಹೆಚ್ಚು, 44ರಷ್ಟು ಬಂತು. ಹೊಟ್ಟೆಯ ಹುಳುಗಳಿಗೂ ಇದರಲ್ಲಿ ಪಾಲಿದೆ.

ರಂಗಣ್ಣನವರೇ, 12 ಅನ್ನೋ ಅಂಕಿ ಉಳಿದಿದ್ರೆ ರೇಷನ್ನಿನಲ್ಲಿ ಬರೀ ಅಕ್ಕಿ ಕೊಟ್ರೆ ಸಾಕು ಅನ್ನೋದಕ್ಕೆ ವಿಜ್ಞಾನದ ಮೊಹರು ಬಿದ್ದ ಹಾಗೇ ಆಗ್ತಿತ್ತು. ಬೇಳೆ, ಮೊಟ್ಟೆ, ಹಾಲು ಬೇಕು ಅಂತ ವಾದಿಸೋರಿಗೆ ಈ 30 ಬಹಳ ದೊಡ್ಡ ಆಸರೆ.

ರಂಗಣ್ಣ_ಕೋಲಾರ

ಇದು ನನಗೆ ಗೊತ್ತಿರಲಿಲ್ಲ ವಿನಯ್. ರೇಷನ್ ವಿಷಯ ಹೇಳಿದ್ದು ಮನಸ್ಸಿಗೆ ನಾಟಿತು. ಹಾಗಾದ್ರೆ ಇನ್ನೊಂದು ಪ್ರಶ್ನೆ. ರಾಗಿಯದ್ದು ಎಷ್ಟು ಜೀರ್ಣ ಆಗುತ್ತೆ ಅಂತ ಮನುಷ್ಯರಲ್ಲಿ ಯಾರಾದ್ರೂ ನೋಡಿದ್ದಾರಾ? ಹಂದಿಗೆ ಕೊಳವೆ ಹಾಕಬಹುದು, ಮನುಷ್ಯರಿಗೆ ಹಾಕೋಕಾಗುತ್ತಾ?

ವಿನಯ್_ಟೊರಾಂಟೊ

ಫ್ರಾನ್ಸ್‌ನಲ್ಲಿ ಮೂಗಿನಿಂದ ಸಣ್ಣಕರುಳಿನ ತುದಿವರೆಗೆ ತೆಳು ನಳಿಕೆ ಇಳಿಸಿ ಮಾಡಿದ್ದಾರೆ. ಕೂಸುಗಳಿಗೆ ಅದೆಲ್ಲ ಆಗದ ಮಾತು. 2014ರಲ್ಲಿ ಇದಕ್ಕೆ ದಾರಿ ಹುಡುಕೋಕೆ ಬೆಂಗಳೂರಿನಲ್ಲೇ ತಜ್ಞರ ಸಭೆ ಆಯ್ತು. ಕೊನೆಗೆ ಸೇಂಟ್ ಜಾನ್ಸ್‌ನವರು ಕೊಳವೆಯೇ ಬೇಡದ ವಿಧಾನ ಮಾಡಿ 2018ರಲ್ಲಿ ಪ್ರಕಟಿಸಿದ್ರು.

ಗಿಡ ಕಾಳು ಕಟ್ಟುವಾಗ ಭಾರಜಲ ಉಣಿಸ್ತಾರೆ. ಕಾಳಿನ ಪ್ರೋಟೀನಿನಲ್ಲೇ ಡ್ಯೂಟೀರಿಯಂ ಅಂದ್ರೆ ಭಾರದ ಜಲಜನಕದ ಗುರುತು ಕೂತುಬಿಡುತ್ತೆ. ಕೋಳಿಗೆ ಆ ನೀರು ಕುಡಿಸಿದ್ರೆ ಮೊಟ್ಟೆಯಲ್ಲಿ, ಮಾಂಸದಲ್ಲಿ ಬರುತ್ತೆ. ಆ ಕಾಳನ್ನು ಮನೆಯಲ್ಲಿ ಬೇಯಿಸೋ ಹಾಗೇ ಬೇಯಿಸಿ, ಜೊತೆಗೆ ಕಾರ್ಬನ್-13 ಗುರುತಿನ ಸ್ಪಿರುಲಿನಾ ಅನ್ನೋ ಪಾಚಿ ಸೇರಿಸಿ, ಗಂಟೆಗೊಂದು ಸಣ್ಣ ತುತ್ತಿನಂತೆ ತಿನ್ನಿಸ್ತಾರೆ. ಸ್ಪಿರುಲಿನಾದ ಜೀರ್ಣಾಂಶ ಮೊದಲೇ ಅಳೆದದ್ದು, ನೂರಕ್ಕೆ ಸುಮಾರು 85. ಕೆಲವು ಗಂಟೆ ಆದಮೇಲೆ ರಕ್ತದಲ್ಲಿ ಎರಡು ಗುರುತುಗಳ ಅನುಪಾತ ನೋಡಿದ್ರೆ ಕಾಳಿನದ್ದು ಗೊತ್ತಾಗುತ್ತೆ.

ಬಂದ ಅಂಕಿಗಳು: ಕಡಲೆಕಾಳು ಸುಮಾರು 57, ಹೆಸರುಕಾಳು 58, ಬೇಯಿಸಿದ ಇಡೀ ಮೊಟ್ಟೆ 89, ಕೋಳಿ ಮಾಂಸ 92. ಪುಟ್ಟ ಮಕ್ಕಳಲ್ಲಿ ಮಾಡಿದ ಅಧ್ಯಯನದಲ್ಲಿ ಅನ್ನ 78ರ ಹತ್ತಿರ, ರಾಗಿ 68, ಹೆಸರುಬೇಳೆ 65, ಮೊಟ್ಟೆ 87. ಎಲ್ಲ ನೂರಕ್ಕೆ.

ಶೈಲಾ_ಡಯಟಿಷಿಯನ್_ಹುಬ್ಬಳ್ಳಿ

ಇದರೊಳಗ ಅಡಗಿ ಮನಿಗೆ ಬೇಕಾದ ಮಾತೊಂದು ಐತಿ. ಹೆಸರುಕಾಳಿನ ಸಿಪ್ಪಿ ತಗದ್ರ ಜೀರ್ಣ ಆಗೂದು ಸುಮಾರು ಹತ್ತು ಪಾಲು ಏರ್ತದ ಅಂತ ಅದೇ ಕೆಲಸದಾಗ ಕಂಡೈತಿ. ಸಿಪ್ಪ್ಯಾಗಿನ ನಾರು, ಒಗರು ಅಂಶ ಅಡ್ಡ ಬರ್ತಾವ. ದೊಡ್ಡವರಿಗೆ ಸಿಪ್ಪಿ ಇರೋ ಕಾಳು ನಾರಿಗೆ ಛಲೋ, ಬಿಡಬ್ಯಾಡ್ರಿ. ಆದ್ರ ಆರು ತಿಂಗಳು ದಾಟಿದ ಕೂಸಿಗೆ, ಜಡ್ಡಿನಿಂದ ಎದ್ದ ಮುದುಕರಿಗೆ ನಾ ಯಾವಾಗಲೂ ಬ್ಯಾಳಿನೇ ಹೇಳ್ತೇನಿ. ಅವರ ಹೊಟ್ಟ್ಯಾಗ ಜಾಗಾ ಕಡಿಮಿ, ತಿಂದ ತುತ್ತಿನಿಂದ ಪೂರ್ತಿ ಸಿಗಬೇಕು.

ಪಶುವೈದ್ಯ_ಹಾಸನ

ಇನ್ನೊಂದು ಸೇರಿಸ್ತೀನಿ. ಶಾಖದಲ್ಲಿ ಲೈಸಿನ್ ಸಕ್ಕರೆ ಜೊತೆ ಅಂಟಿಕೊಳ್ಳುತ್ತೆ, ಕೆಂಪಗೆ ಹುರಿದಾಗ ಬರೋ ಬಣ್ಣ ಮತ್ತು ಘಮ ಅದರದ್ದೇ. ಅಂಟಿಕೊಂಡ ಲೈಸಿನ್ ದೇಹಕ್ಕೆ ಉಪಯೋಗ ಇಲ್ಲ. ಆದ್ರೆ ಲ್ಯಾಬಿನಲ್ಲಿ ಆಮ್ಲ ಹಾಕಿ ಕುದಿಸಿದಾಗ ಅದರಲ್ಲೊಂದು ಪಾಲು ಮತ್ತೆ ಬಿಡಿಸಿಕೊಂಡು "ಲೈಸಿನ್ ಇದೆ" ಅಂತ ತೋರಿಸುತ್ತೆ. ಅದಕ್ಕೇ ಹುರಿದ, ಬೇಕ್ ಮಾಡಿದ, ಹೆಚ್ಚು ಕಾಯಿಸಿದ ಹಾಲಿನ ಪುಡಿ ಥರದ ಆಹಾರಕ್ಕೆ ಕೆಲಸ ಮಾಡೋ ಸ್ಥಿತಿಯ ಲೈಸಿನ್ ಎಷ್ಟು ಅಂತ ಬೇರೆಯಾಗಿ ಅಳೀಬೇಕು. ಕಾರ್ಪೆಂಟರ್ ಅನ್ನೋರು 1960ರಲ್ಲೇ ಅದಕ್ಕೆ ವಿಧಾನ ಕೊಟ್ಟಿದ್ದಾರೆ.

ಮಹೇಶ್_ದಾವಣಗೆರೆ

ಇಷ್ಟೆಲ್ಲ ಗೊತ್ತಿದ್ದೂ ಪ್ಯಾಕೆಟ್ ಮೇಲೆ ಯಾಕೆ ಬರಲ್ಲ?

ವಿನಯ್_ಟೊರಾಂಟೊ

ಅಮೆರಿಕದಲ್ಲಿ ಪ್ರೋಟೀನ್ ಬಗ್ಗೆ ಹೆಮ್ಮೆಯಿಂದ ಹೇಳಿಕೊಳ್ಳೋ ಪ್ಯಾಕೆಟ್ ಮೇಲೆ ದಿನದ ಅಗತ್ಯದ ಶೇಕಡಾವಾರು ಹಾಕಬೇಕು, ಅದು ಪಿಡಿಕಾಸ್‌ನಿಂದ ಗುಣಿಸಿದ ಅಂಕಿ. ಗ್ರಾಂ ಮಾತ್ರ ಹಳೇ ಸಾರಜನಕದ್ದೇ. ಕೆನಡಾದಲ್ಲಿ ತೀರಾ ಈಚಿನವರೆಗೂ ಇಲಿಯ ಪಿಇಆರ್ ಮೇಲೇ ನಡೀತಿತ್ತು. ಇಲಿಗೆ ಮೈತುಂಬ ಕೂದಲು ಬೆಳೀಬೇಕು, ಅದಕ್ಕೆ ಗಂಧಕದ ಅಮೈನೋ ಆಮ್ಲ ನಮಗಿಂತ ಹೆಚ್ಚು ಬೇಕು. ಹಾಗಾಗಿ ಆ ಲೆಕ್ಕದಲ್ಲಿ ಬೇಳೆಕಾಳುಗಳಿಗೆ ಸಿಗಬೇಕಾದ್ದಕ್ಕಿಂತ ಕಡಿಮೆ ಅಂಕ ಬೀಳುತ್ತೆ. ಡಿಯಾಸ್ ಉತ್ತಮ ಅಂತ ನನ್ನ ಅಭಿಪ್ರಾಯ, ಆದ್ರೆ ಪ್ರತಿ ಆಹಾರಕ್ಕೂ, ಪ್ರತಿ ಅಡುಗೆ ರೀತಿಗೂ ಅಳೆದ ಅಂಕಿಗಳು ಇನ್ನೂ ಸಾಲದು.

ಸುಮಾ_ತಿಪಟೂರು

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ನೀವು ಕೊಟ್ಟ ಅಂಕಿ ಇಟ್ಟುಕೊಂಡು ಬೋರ್ಡ್ ಮೇಲೆ ಲೆಕ್ಕ ಮಾಡಿಸಿದೆ. ಸರಿ ಇದೆಯಾ ನೋಡಿ. ಸುಲಭಕ್ಕೆ ಅಂತ ಎಲ್ಲವನ್ನೂ ಹತ್ತಿರದ ಸಂಖ್ಯೆಗೆ ಇಳಿಸಿದ್ದೀನಿ.

100 ಗ್ರಾಂ ರಾಗಿ ಹಿಟ್ಟಿನ ಮುದ್ದೆ: ಪ್ರೋಟೀನ್ 7 ಗ್ರಾಂ, ಗ್ರಾಂಗೆ 28 ಮಿಲಿಗ್ರಾಂ ಲೈಸಿನ್, ಒಟ್ಟು 200ರ ಹತ್ತಿರ. ಜೀರ್ಣ ಆಗೋದು 68 ಪಾಲು ಅಂದ್ರೆ 136. ಇದನ್ನು 7ರಿಂದ ಭಾಗಿಸಿದ್ರೆ ಗ್ರಾಂಗೆ 19. ಡಿಯಾಸ್‌ನಲ್ಲಿ ದೊಡ್ಡ ಮಕ್ಕಳಿಗೂ ದೊಡ್ಡವರಿಗೂ ಇರಬೇಕಾದ್ದು 48. ಅಂಕ 0.40.

ಅದಕ್ಕೆ 30 ಗ್ರಾಂ ಹೆಸರುಬೇಳೆ ಸಾರು: ಪ್ರೋಟೀನ್ 7 ಗ್ರಾಂ, ಗ್ರಾಂಗೆ 70 ಲೈಸಿನ್, ಒಟ್ಟು 490, ಅದರಲ್ಲಿ 65 ಪಾಲು ಅಂದ್ರೆ 319. ಎರಡೂ ಸೇರಿ 14 ಗ್ರಾಂ ಪ್ರೋಟೀನಿಗೆ 455 ಮಿಲಿಗ್ರಾಂ. ಅಂಕ 0.68.

ಒಂದು ಲೋಟ ಹಾಲು ಸೇರಿಸಿದಾಗ (ಪ್ರೋಟೀನ್ ಆರೂವರೆ ಗ್ರಾಂ, ಜೀರ್ಣ ಆದ ಲೈಸಿನ್ ಸುಮಾರು 490) ಅಂಕ 0.96ಕ್ಕೆ ಬಂತು! ಮಕ್ಕಳಿಗೆ ಎಷ್ಟು ಖುಷಿ ಆಯ್ತು ಅಂದ್ರೆ, ಅವಳೇ, ಸೋಯಾ ಪ್ರಶ್ನೆ ಕೇಳಿದವಳು, ಹಾಲಿನ ಬದಲು ಮೊಟ್ಟೆ ಹಾಕಿ ತಾನೇ ಲೆಕ್ಕ ಮಾಡ್ತಾ ಕೂತಳು.

ವಿನಯ್_ಟೊರಾಂಟೊ

ದಾರಿ ಸರಿ ಇದೆ ಮೇಡಂ. ಪಕ್ಕಾ ಡಿಯಾಸ್‌ಗೆ ಲೈಸಿನ್‌ನದ್ದೇ ಜೀರ್ಣಾಂಶ ಬೇಕು, ನೀವು ಹಾಕಿರೋದು ಎಲ್ಲ ಅಮೈನೋ ಆಮ್ಲಗಳ ಸರಾಸರಿ, ಅದೂ ಪುಟ್ಟ ಮಕ್ಕಳದ್ದು. ಕ್ಲಾಸಿಗೆ ಇದು ಧಾರಾಳ ಸಾಕು. ಒಂದು ಕಡೆ ಬರೆಸಿ: 60 ಕೆಜಿ ತೂಕದವರಿಗೆ ದಿನಕ್ಕೆ ಬೇಕಾದ ಲೈಸಿನ್ 1800 ಮಿಲಿಗ್ರಾಂ. ಮುದ್ದೆ, ಬೇಳೆ ಸಾರಿನ ಆ ಊಟದಿಂದ ಬಂದದ್ದು 455. ಗುಣಮಟ್ಟದ ಅಂಕ ಎಷ್ಟೇ ಇರಲಿ, ದಿನದ ಒಟ್ಟು ಪ್ರಮಾಣವೂ ತುಂಬಬೇಕು.

ಶೈಲಾ_ಡಯಟಿಷಿಯನ್_ಹುಬ್ಬಳ್ಳಿ

ಐಸಿಎಂಆರ್‌ನವರ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರ ಶಿಫಾರಸಿನ್ಯಾಗೂ ಇದೇ ಐತಿ: ಧಾನ್ಯ 3 ಪಾಲು, ಬ್ಯಾಳಿ 1 ಪಾಲು, ಹಾಲು ಎರಡೂವರಿ ಪಾಲು. ದೊಡ್ಡವರಿಗೆ ಕೆಜಿ ಮೈತೂಕಕ್ಕ 0.83 ಗ್ರಾಂ ಪ್ರೋಟೀನ್ ಅನ್ನೂದು ಇಂಥಾ ಛಲೋ ಗುಣಮಟ್ಟದ ಊಟ ಇದ್ದಾಗಿನ ಲೆಕ್ಕ. ಬರೇ ಧಾನ್ಯ ಉಣ್ಣೋರಿಗೆ ಅಷ್ಟು ಸಾಲೂದಿಲ್ಲ.

ರಂಗಣ್ಣ_ಕೋಲಾರ

ಸುಮಾ ಮೇಡಂ, ಹುರುಳಿಕಾಳಿಂದೂ ಒಂದು ಲೆಕ್ಕ ಮಾಡಿಸಿ. ನಮ್ಮ ಕಡೆ ಬೇಳೆಗಿಂತ ಅದೇ ಜಾಸ್ತಿ.

ಸುಮಾ_ತಿಪಟೂರು

ಖಂಡಿತ ಸರ್. ವಿನಯ್, ಹುರುಳಿಗೆ ಮನುಷ್ಯರಲ್ಲಿ ಅಳೆದ ಜೀರ್ಣಾಂಶ ನಿಮ್ಮ ಕಡೆ ಇದ್ರೆ ಹಾಕಿ. ಇಲ್ಲಾಂದ್ರೆ ಸಿಪ್ಪೆ ಇರೋ ಹೆಸರುಕಾಳಿನ 58ನ್ನೇ ಹಿಡಿದು ಮಾಡಿಸ್ತೀನಿ, ಅಂದಾಜು ಅಂತ ಬೋರ್ಡ್ ಮೇಲೆ ಬರೆದೇ.